ತಂಗಿಗೆ ಪ್ಲಾಸ್ಮಾ ಬದಲಿಸಬೇಕಂತೆ, ಡಬಲ್ ಫಿಲ್ಟರ್ ಒಳ್ಳೆಯದಾ?

ಬದಿಯಡ್ಕದ ಅಣ್ಣ:
ತಂಗಿಗೆ 31 ವರ್ಷ. ಎರಡು ವಾರದ ಹಿಂದೆ ಮೂತ್ರ ಹಾಲು ಹಾಕದ ಕಣ್ಣ ಚಾಯದ ಬಣ್ಣಕ್ಕೆ ತಿರುಗಿತು, ಕಾಲು ಬಾತುಕೊಂಡಿತು. ಈಗ ಮಂಗಳೂರಿನಲ್ಲಿ ಅಡ್ಮಿಟ್. ಕಿಡ್ನಿ ಎಷ್ಟು ಕೆಟ್ಟಿದೆ ಅಂತ ತೋರಿಸುವ ಕ್ರಿಯಾಟಿನಿನ್ 4.6. ಮೊನ್ನೆ ಕಿಡ್ನಿ ಬಯಾಪ್ಸಿ ಆಯಿತು, ಆ್ಯಂಟಿ ಜಿಬಿಎಂ ಪಾಸಿಟಿವ್, ಅಂದರೆ ಮೈಯದೇ ಆ್ಯಂಟಿಬಾಡಿ (ರೋಗ ತಡೆಯುವ ಪ್ರೋಟೀನ್) ಕಿಡ್ನಿಯ ಸೋಸುವ ಪೊರೆಯ ಮೇಲೆ ದಾಳಿ ಮಾಡುತ್ತಿದೆ ಅಂದರು. ನಾಳೆಯಿಂದ ದಿನಾ ಪ್ಲಾಸ್ಮಾ ಎಕ್ಸ್‌ಚೇಂಜ್, ಅಂದರೆ ರಕ್ತದ ಹಳದಿ ನೀರಿನ ಭಾಗವನ್ನು ಬದಲಿಸುವುದು ಅಂತೆ. ಭಾವ ಫೋನ್ ಮಾಡಿ, ಡಬಲ್ ಫಿಲ್ಟರ್ ಇರುವಲ್ಲಿಗೆ ಕರ್ಕೊಂಡು ಹೋಗು, ಅದು ಹೊಸದು ಅಂತಾರೆ. ಇನ್ನೊಬ್ಬರು ಕಾಲಮ್ ಹಾಕಿಸಿ ಅಂತಾರೆ. ಇದೂ ಡಯಾಲಿಸಿಸ್ಸೇ ಅಲ್ವಾ? ನಿನ್ನೆಯಿಂದ ನಿದ್ದೆ ಇಲ್ಲ.

ಉಪ್ಪಳದ ಟೆಕ್ನಿಶಿಯನ್:
ಅಣ್ಣ, ಡಯಾಲಿಸಿಸ್ ಯೂರಿಯಾದಂಥ ಸಣ್ಣ ಕಸವನ್ನು ತೆಗೆಯುತ್ತದೆ. ಆ್ಯಂಟಿಬಾಡಿ ದೊಡ್ಡದು, ಆ ಫಿಲ್ಟರ್ ದಾಟುವುದಿಲ್ಲ. ಅದಕ್ಕೇ ಪ್ಲಾಸ್ಮಾವನ್ನೇ ಬೇರೆ ಮಾಡಿ ಚೆಲ್ಲಿ, ಅದರ ಜಾಗಕ್ಕೆ ಅಲ್ಬುಮಿನ್ ಎಂಬ ರಕ್ತದ ಪ್ರೋಟೀನ್ ಕೊಡುತ್ತಾರೆ, ಒಂದು ಸಲಕ್ಕೆ ಸುಮಾರು 3 ಲೀಟರ್. ಡಬಲ್ ಫಿಲ್ಟರ್‌ನಲ್ಲಿ ಪ್ಲಾಸ್ಮಾ ಎರಡನೇ ಫಿಲ್ಟರ್‌ಗೆ ಹೋಗಿ, ಆ್ಯಂಟಿಬಾಡಿ ಅಲ್ಲಿ ನಿಂತು, ಅಲ್ಬುಮಿನ್ ಹೆಚ್ಚಿನಂಶ ವಾಪಸ್ ಬರುತ್ತದೆ. ಅಲ್ಬುಮಿನ್ ಖರ್ಚು ಉಳಿಯುತ್ತದೆ, ಸರಿ. ಆದರೆ ರಕ್ತ ಹೆಪ್ಪುಗಟ್ಟಿಸುವ ಫೈಬ್ರಿನೋಜನ್ ಕೂಡ ದೊಡ್ಡದು, ಅದೂ ಅಲ್ಲೇ ಸಿಕ್ಕಿಬೀಳುತ್ತದೆ. ತಂಗಿಗೆ ಮೊನ್ನೆಯಷ್ಟೇ ಬಯಾಪ್ಸಿ ಆಗಿದೆ, ಆ ಜಾಗದಲ್ಲಿ ರಕ್ತ ಸೋರುವ ಭಯ ಇದೆ. ಎಕ್ಸ್‌ಚೇಂಜ್ ಆದರೆ ಅಲ್ಬುಮಿನ್ ಜೊತೆ ಎಫ್‌ಎಫ್‌ಪಿ (ದಾನಿಗಳ ರಕ್ತದಿಂದ ತೆಗೆದು ಶೈತ್ಯದಲ್ಲಿಟ್ಟ ಪ್ಲಾಸ್ಮಾ) ಕೊಟ್ಟು ಆ ಕೊರತೆ ತುಂಬಬಹುದು. ಕಾಲಮ್ ಆ್ಯಂಟಿಬಾಡಿಯನ್ನು ಮಾತ್ರ ಹಿಡಿದು ಅವರದೇ ಪ್ಲಾಸ್ಮಾ ವಾಪಸ್ ಕೊಡುತ್ತದೆ, ಚೆನ್ನಾಗಿದೆ, ಆದರೆ ರೇಟ್ ತುಂಬಾ ಜಾಸ್ತಿ, ಎಲ್ಲ ಕಡೆ ಸಿಗುವುದೂ ಇಲ್ಲ.

ಫಿಲ್ಟರ್ ಹುಡುಕಿಕೊಂಡು ಆಸ್ಪತ್ರೆ ಬದಲಿಸಬೇಡಿ. ಆ್ಯಂಟಿ ಜಿಬಿಎಂನಲ್ಲಿ ಒಂದೊಂದು ದಿನಕ್ಕೂ ಬೆಲೆ ಇದೆ. ಡಯಾಲಿಸಿಸ್ ಹಿಡಿಯುವ ಮೊದಲೇ ಶುರು ಮಾಡಿದವರಲ್ಲಿ ಕಿಡ್ನಿ ಉಳಿಯುವ ಸಾಧ್ಯತೆ ಜಾಸ್ತಿ. ಸಾಮಾನ್ಯವಾಗಿ 14 ದಿನ, ಇಲ್ಲವೇ ಆ್ಯಂಟಿಬಾಡಿ ಕಾಣದಾಗುವ ತನಕ ಮಾಡುತ್ತಾರೆ.

ಕುಂಬಳೆ ಅಕ್ಕ:
ನನಗೂ ಎಕ್ಸ್‌ಚೇಂಜ್ ಆಗಿದೆ ತಮ್ಮ, ಆದರೆ ನನ್ನದು ಆ್ಯಂಕಾ ವ್ಯಾಸ್ಕುಲೈಟಿಸ್, ಸಣ್ಣ ರಕ್ತನಾಳಗಳ ಉರಿಯೂತದ ಕಾಯಿಲೆ. ನನ್ನ ಕಥೆಯನ್ನು ತಂಗಿಗೆ ಹೊಂದಿಸಬೇಡಿ. 704 ಜನರ ಮೇಲೆ ನಡೆದ ಪೆಕ್ಸಿವಾಸ್ ಅಧ್ಯಯನ 2020ರಲ್ಲಿ ಬಂತು, ಆ್ಯಂಕಾದಲ್ಲಿ ಎಕ್ಸ್‌ಚೇಂಜ್ ಮಾಡಿದ್ದರಿಂದ ಸಾವು ಅಥವಾ ಕಿಡ್ನಿ ಪೂರ್ತಿ ಹೋಗುವುದು ಒಟ್ಟಾರೆ ಕಡಿಮೆ ಆಗಲಿಲ್ಲ ಅಂತ ಗೊತ್ತಾಯಿತು. ಅದನ್ನು ಓದಿ ಯಾರಾದರೂ "ಎಕ್ಸ್‌ಚೇಂಜ್ ಸುಮ್ನೆ ದುಡ್ಡು ದಂಡ" ಅಂದರೆ ನಂಬಬೇಡಿ, ತಂಗಿಯ ಕಾಯಿಲೆಯೇ ಬೇರೆ.

ಇನ್ನೊಂದು. ಆ್ಯಂಟಿಬಾಡಿ ಅರ್ಧಕ್ಕಿಂತ ಜಾಸ್ತಿ ರಕ್ತದ ಹೊರಗೆ ಇರುತ್ತದೆ, ಇವತ್ತು ತೆಗೆದರೆ ನಾಳೆ ಮತ್ತೆ ರಕ್ತಕ್ಕೆ ಇಳಿದು ಬರುತ್ತದೆ. ಹೊಸದು ಹುಟ್ಟದ ಹಾಗೆ ತಡೆಯುವುದು ಸ್ಟಿರಾಯ್ಡ್, ಸೈಕ್ಲೋಫಾಸ್ಫಮೈಡ್. ಮಾತ್ರೆ ಸೆಷನ್‌ಗೆ ಮೊದಲಾ ಆಮೇಲಾ ಅಂತ ದಿನಾ ಕೇಳಿ. ಬಿಪಿ ಮಾತ್ರೆ ಯಾವುದು ಅಂತಲೂ ಹೇಳಿ, ಕೆಲವನ್ನು ಮೊದಲೇ ನಿಲ್ಲಿಸಬೇಕಾಗುತ್ತದೆ. ಕೆಮ್ಮಿದಾಗ ರಕ್ತ ಬಂದರೆ ಆ ಕ್ಷಣವೇ ಸಿಸ್ಟರ್‌ಗೆ ಹೇಳಿ.

ಮಂಜೇಶ್ವರದವನು:
ಎಫ್‌ಎಫ್‌ಪಿ ಬೇಕಾದರೆ ರಕ್ತ ಕೊಡುವವರನ್ನು ಕೇಳುತ್ತಾರೆ. ಬದಿಯಡ್ಕದಿಂದ ಹೊರಡುವಾಗಲೇ ನಾಲ್ಕು ಜನ ಹುಡುಗರಿಗೆ ಹೇಳಿಡಿ. ನಾನು ತಲಪಾಡಿ ಹತ್ತಿರವೇ ಇದ್ದೇನೆ, ಮೆಸೇಜ್ ಹಾಕಿ, ಬರುತ್ತೇನೆ.

ಬದಿಯಡ್ಕದ ಅಣ್ಣ:
ಎಲ್ಲರಿಗೂ ಕೈ ಮುಗಿದೆ. ಇಲ್ಲೇ ಉಳಿದೆವು, ಇವತ್ತು ಮೊದಲನೆಯದು ಆಯಿತು. ಕುತ್ತಿಗೆಗೆ ಟ್ಯೂಬ್ ಹಾಕಿದ್ದಾರೆ. ಮಧ್ಯದಲ್ಲಿ ತುಟಿ ಜುಮುಜುಮು ಅಂದಳು, ಕ್ಯಾಲ್ಸಿಯಂ ಕೊಟ್ಟ ಮೇಲೆ ಸರಿಯಾಯಿತು. ಮಂಚದ ಕೆಳಗಿನ ಚೀಲದಲ್ಲಿ ಹಳದಿ ಪ್ಲಾಸ್ಮಾ ತುಂಬುವುದನ್ನೇ ನೋಡುತ್ತಾ ಕೂತಿದ್ದೆ. ಸಂಜೆ ಗಂಜಿ ಕೇಳಿದಳು.