ನಿಂತು ನಿಂತು ಕಾಲಿಗೆ ಆಗುವುದೇನು: ಭಾರ, ಜಡ, ಸೋಲು?

ದಿನವಿಡೀ ನಿಂತು ದುಡಿಯುವವರಿಗೆಂದು ಒಂದು ಪುಟದ ಆರೋಗ್ಯ ಕರಪತ್ರ ಬರೆಯುತ್ತಿದ್ದೇನೆ. ಕಲಬುರಗಿಯ ದಾಲ್‌ಮಿಲ್ಲು, ಬಟ್ಟೆ ಅಂಗಡಿಗಳಲ್ಲಿ ಹಂಚಬೇಕು. ‘ಸಂಜೆಯಾದರೆ ಕಾಲು ಭಾರವಾಗುತ್ತವೆಯೇ?’ ಎಂಬ ಮೊದಲ ಸಾಲಿಗೇ ನೆರೆಮನೆಯಾಕೆ ಸೆರಗು ಬಾಯಿಗಿಟ್ಟು ನಕ್ಕರು. ಅವರ ಮನೆಮಾತು ಉರ್ದು. ಅದರಲ್ಲಿ ‘ಪಾಂವ್ ಭಾರೀ’ ಅಂದರೆ ಬಸಿರು! ‘ಗಂಡಸರಿಗೂ ಇದನ್ನ ಕೇಳ್ತೀರೇನ್ರಿ?’ ಅಂದರು. ಎರಡೂ ಮಾತಿನವರು ಒಂದೇ ಕಟ್ಟೆಯಲ್ಲಿ ಕೂಡುವ ಊರಲ್ಲಿ ಈ ಪದ ಕೈಬಿಡುವುದೇ ವಾಸಿ.

‘ಜಡ’ ಅನ್ನೋಣವೆಂದರೆ, ನಮ್ಮವ್ವನ ಬಾಯಲ್ಲಿ ಅದು ಮರಾಠಿಯ ಹಾಗೆ ತೂಕದ ಮಾತು: ‘ಚೀಲ ಭಾಳ ಜಡ ಅದ.’ ಮೈಸೂರು ಕಡೆಯವರು ಓದಿದರೆ ಚೈತನ್ಯವೇ ಇಲ್ಲದ ಕಾಲು. ಇನ್ನು ಪಕ್ಕದಲ್ಲೇ ‘ಜಡ್ಡು’ ಕೂತಿದೆ, ಅದು ಕಾಯಿಲೆ. ‘ಜೋಮು’ ಅಲ್ಲವೇ ಅಲ್ಲ. ಅದು ನರ ಒತ್ತಿ ಜುಮುಗುಡುವುದು. ‘ಬ್ಯಾನಿ’ ಅಂದರೆ ನೋವಾಯಿತು, ಇಲ್ಲಿ ನೋವು ಇರಲೇಬೇಕೆಂದಿಲ್ಲ.

ಒಳಗೆ ನಡೆಯುವುದು ಇಷ್ಟು. ಕಾಲಿನ ರಕ್ತವನ್ನು ಮೇಲಕ್ಕೆ ಹಿಂಡುವುದು ಮೀನಖಂಡ. ಏರಿದ್ದು ಇಳಿಯದಂತೆ ರಕ್ತನಾಳದೊಳಗೆ ಸಣ್ಣ ಕವಾಟಗಳಿವೆ. ಅಲುಗದೆ ನಿಂತರೆ ಹಿಂಡುವ ಕೆಲಸ ನಿಲ್ಲುತ್ತದೆ, ರಕ್ತ ಕೆಳಗೇ ತಂಗುತ್ತದೆ, ನೀರು ಸುತ್ತಲಿನ ಮಾಂಸಕ್ಕೆ ಜಿನುಗುತ್ತದೆ. ಕಾಲುಚೀಲ ಕಳಚಿದಾಗ ಉಳಿಯುವ ಬರೆ ಅದರದೇ. ಕಾಲೆತ್ತಿ ಮಲಗಿದರೆ ಹಗುರ. ಫ್ರೆಂಚರಲ್ಲಿ ಇದಕ್ಕೆ ‘ಜಾಂಬ್ ಲೂರ್ದ್’, ಅಂದರೆ ಭಾರದ ಕಾಲು ಎಂಬ ಬಳಕೆಮಾತೇ ಇದೆ. ಔಷಧದಂಗಡಿಯಲ್ಲಿ ಅಷ್ಟು ಅಂದರೆ ಸಾಕು.

ನನ್ನ ಮನಸ್ಸು ‘ಸೋಲು’ ಕಡೆಗಿದೆ: ‘ಕಾಲ್ ಸೋತಾವ್.’ ಆದರೆ ಶರಣಬಸವೇಶ್ವರ ಜಾತ್ರೆಗೆ ನಡೆದು ಬಂದವರ ಕಾಲೂ ಸೋಲುತ್ತವೆ. ನಡೆದು ಸೋತದ್ದಕ್ಕೂ ನಿಂತು ಸೋತದ್ದಕ್ಕೂ ಒಂದೇ ಪದವಾದರೆ ಕರಪತ್ರ ಕೆಟ್ಟಿತು, ಯಾಕೆಂದರೆ ನಿಂತವರಿಗೆ ನಾನು ಹೇಳಹೊರಟಿರುವುದೇ ನಾಲ್ಕು ಹೆಜ್ಜೆ ನಡೆಯಿರಿ ಎಂದು. ಅವ್ವನನ್ನು ಕೇಳಿದೆ. ‘ನಿಂತ್ ನಿಂತ್ ಸೋತಾವ್ ಅಂತ ಬರಿ, ಅದರಾಗೇನದ’ ಅಂದಳು. ಸದ್ಯಕ್ಕೆ ಹಾಗೇ ಬರೆದಿಟ್ಟಿದ್ದೇನೆ.

ಬೀದರ್, ಯಾದಗಿರಿ ಕಡೆಯವರು ಇದಕ್ಕೆ ಏನಂತೀರಿ? ನಿಂತ ಕಾಲಿಗೇ ಮೀಸಲಾದ, ಒಂದೇ ಪದದ ಮಾತು ನಿಮ್ಮ ಮನೆಯ ಹಿರಿಯರಲ್ಲಿ ಉಂಟೇ?