ಜೋಮ್‌ಸೋಮ್‌ಗೆ ಮಧ್ಯಾಹ್ನ ವಿಮಾನ ಏಕಿಲ್ಲ?

ಹೇಮಾವತಿ_ತೀರ:
ಅಮ್ಮನನ್ನು ನೇಪಾಳದ ಮುಕ್ತಿನಾಥಕ್ಕೆ ಕರೆದುಕೊಂಡು ಹೋಗಬೇಕೆಂದಿದ್ದೇನೆ. ಪೋಖರಾದಿಂದ ಜೋಮ್‌ಸೋಮ್‌ಗೆ ಬೆಳಗಿನ ವಿಮಾನಗಳು ಮಾತ್ರವಂತೆ, ತಪ್ಪಿದರೆ ಮರುದಿನವೇ. ಏಜೆಂಟರನ್ನು ಕೇಳಿದರೆ "ಗಾಳಿ" ಎಂಬ ಒಂದೇ ಉತ್ತರ. ಮೋಡವೇ ಇಲ್ಲದ ದಿನವೂ ಹೀಗೇ ಎಂದರೆ ನಂಬುವುದು ಹೇಗೆ?

ಪಯಣಿಗ:
ಹಿಮಪರ್ವತದಿಂದ ತಣ್ಣನೆಯ ಗಾಳಿ ಇಳಿದು ಬರುತ್ತದಲ್ಲ, ಅದೇ ಇರಬೇಕು.

ಗಿರಿಸಂಚಾರಿ:
ಪಯಣಿಗರೇ, ಅದು ರಾತ್ರಿಯ ಕಥೆ. ಹಗಲಿನಲ್ಲಿ ಎಲ್ಲವೂ ತಿರುವುಮುರುವು. ಏಜೆಂಟರು ಹೇಳಿದ್ದು ನಿಜ. ಬಿಸಿಲು ಚೆನ್ನಾಗಿದ್ದಷ್ಟೂ ಗಾಳಿ ಜೋರು.

ಬಿಸಿಲಿಗೆ ಮೊದಲು ಕಾಯುವುದು ನೆಲ, ಆಮೇಲೆ ಅದಕ್ಕೆ ತಾಗಿದ ಗಾಳಿ. ಇಳಿಜಾರಿಗೆ ತಾಗಿದ ಗಾಳಿ, ಅಷ್ಟೇ ಎತ್ತರದಲ್ಲಿ ಕಣಿವೆಯ ನಡುವೆ ಇರುವ ಗಾಳಿಗಿಂತ ಬಿಸಿಯಾಗಿ, ಹಗುರಾಗಿ ಬೆಟ್ಟದ ಮೈ ಹಿಡಿದು ಮೇಲೇರುತ್ತದೆ. ಜೊತೆಗೆ, ಕಣಿವೆಯಲ್ಲಿ ಬೆಟ್ಟಗಳೇ ಜಾಗ ತಿಂದಿರುವುದರಿಂದ ಬಯಲಿನಷ್ಟು ಗಾಳಿ ಅಲ್ಲಿರುವುದಿಲ್ಲ. ಕಡಿಮೆ ನೀರು ಬೇಗ ಕಾಯುವಂತೆ ಅದೂ ಬೇಗ ಕಾಯುತ್ತದೆ, ಒತ್ತಡ ತಗ್ಗುತ್ತದೆ, ತಗ್ಗು ಪ್ರದೇಶದ ಗಾಳಿ ಒಳನುಗ್ಗುತ್ತದೆ.

ಜೋಮ್‌ಸೋಮ್ ಇರುವ ಕಾಳಿ ಗಂಡಕಿ ನದಿಯ ಕಣಿವೆಯಲ್ಲಿ ಇದು ಅತಿರೇಕಕ್ಕೆ ಹೋಗಲು, ಕಣಿವೆಯ ಮೇಲ್ಭಾಗದ ಮುಸ್ತಾಂಗ್ ಪ್ರದೇಶ ಕಾರಣ. ಅಲ್ಲಿ ಮಳೆಯೂ ಕಡಿಮೆ, ಹಸಿರೂ ಕಡಿಮೆ. ಶಾಖ ನೀರನ್ನು ಆವಿ ಮಾಡುವುದರಲ್ಲಿ ಖರ್ಚಾಗದೆ ನೆಲವನ್ನೇ ಕಾಯಿಸುತ್ತದೆ. ಅತ್ತ ನುಗ್ಗುವ ಗಾಳಿಗಿರುವ ದಾರಿಯೋ, 8,167 ಮೀಟರಿನ ಧವಳಗಿರಿ ಮತ್ತು 8,091 ಮೀಟರಿನ ಅನ್ನಪೂರ್ಣದ ನಡುವಿನ ಕಂದರ. ಹತ್ತು, ಹನ್ನೊಂದು ಗಂಟೆಗೆ ಶುರುವಾದರೆ ಮಧ್ಯಾಹ್ನ ಗಂಟೆಗೆ 50 ಕಿ.ಮೀ. ದಾಟುವುದು ಮಾಮೂಲು. 2,700 ಮೀಟರ್ ಎತ್ತರದ ಆ ಪುಟ್ಟ ರನ್‌ವೇಯಲ್ಲಿ ಸಣ್ಣ ವಿಮಾನ ಇಳಿಸುವವರ ಪಾಡು ಯೋಚಿಸಿ.

ನಾನು ನದಿಯ ಮೇಲ್ಭಾಗದ ಕಾಗ್‌ಬೇನಿ ಹಳ್ಳಿಯಿಂದ ಕೆಳಗೆ ಜೋಮ್‌ಸೋಮ್‌ಗೆ ನದಿಪಾತ್ರದಲ್ಲಿ ನಡೆದದ್ದು ಮಧ್ಯಾಹ್ನವೇ. ದಾರಿಯುದ್ದಕ್ಕೂ ಎದುರುಗಾಳಿ, ಹಲ್ಲಿನ ಸಂದಿಯಲ್ಲೆಲ್ಲ ಮರಳು. ಸಾಲಿಗ್ರಾಮ ಹುಡುಕಲು ಬಗ್ಗಿದ ಸಹಯಾತ್ರಿಕರೊಬ್ಬರ ಟೋಪಿ ಟಿಬೆಟ್ಟಿನ ಕಡೆ ಹೊರಟೇ ಹೋಯಿತು.

ಹೇಮಾವತಿ_ತೀರ:
ಹಾಗಾದರೆ ಮೋಡ ಕವಿದ ದಿನ ಮಧ್ಯಾಹ್ನವೂ ಹಾರಬಹುದಲ್ಲವೇ?

ಗಿರಿಸಂಚಾರಿ:
ಗಾಳಿ ಮೆತ್ತಗಾದೀತು, ಆದರೆ ಆ ಕಂದರದಲ್ಲಿ ಪೈಲಟ್ ಕಣ್ಣಾರೆ ದಾರಿ ನೋಡಿಕೊಂಡೇ ಹಾರಬೇಕು. ಮೋಡ ಕವಿದರೆ ಬೆಳಗಿನ ವಿಮಾನವೂ ರದ್ದಾಗುತ್ತದೆ. ಪೋಖರಾದಲ್ಲಿ ಒಂದು ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ವಾಪಸು ಬರುವಾಗ ಹಿಂದಿನ ರಾತ್ರಿ ಜೋಮ್‌ಸೋಮ್‌ನಲ್ಲೇ ಉಳಿಯಿರಿ. ಮುಕ್ತಿನಾಥ 3,700 ಮೀಟರಿಗೂ ಮೇಲಿದೆ. ಅಮ್ಮನಿಗೆ ಕೆಳಗೆ ನಿದ್ದೆಯೂ ಚೆನ್ನಾಗಿ ಬರುತ್ತದೆ, ಮೊದಲ ವಿಮಾನವೂ ಸಿಗುತ್ತದೆ.