ಮರೆಗುಳಿತನದ ಸಂಶೋಧನೆಯಲ್ಲಿ ಲ್ಯಾಬ್ ಟೆಕ್ನಿಷಿಯನ್ ಕೆಲಸ ಹೇಗಿರುತ್ತದೆ?

ಪ್ರಶ್ನೆ, ಮಂಡ್ಯದಿಂದ: ಡಿಎಂಎಲ್‌ಟಿ (ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ) ಮುಗಿಸಿ ಇಲ್ಲಿನ ಸಣ್ಣ ಪ್ರಯೋಗಾಲಯದಲ್ಲಿ ದಿನವಿಡೀ ಸಕ್ಕರೆ, ಹಿಮೋಗ್ಲೋಬಿನ್ ನೋಡುತ್ತಿರುವ ನನಗೆ ಡಿಮೆನ್ಷಿಯಾ, ಅಂದರೆ ಮರೆಗುಳಿತನದ ಸಂಶೋಧನೆಯ ಕಡೆಗೆ ಹೋಗುವ ಆಸೆಯಿದೆ. ಅಲ್ಲಿನ ಕೆಲಸ ನಿಜವಾಗಿ ಎಂಥದ್ದು?

ಉತ್ತರ, ಮೈಸೂರಿನಿಂದ: ರಕ್ತ ತೆಗೆಯುವವರೆಗೆ ಎಲ್ಲವೂ ನಿಮಗೆ ಗೊತ್ತಿರುವುದೇ. ಆಮೇಲೆ ಇಡಿಟಿಎ ಟ್ಯೂಬನ್ನು (ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ ಇರುವ ಟ್ಯೂಬ್) ತಡಮಾಡದೆ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ರಕ್ತಕಣಗಳಿಂದ ಬೇರ್ಪಟ್ಟ ದ್ರವವಾದ ಪ್ಲಾಸ್ಮಾವನ್ನು ಸಣ್ಣ ಪಾಲುಗಳಾಗಿ ಹಂಚಿ, ಮೈನಸ್ 80 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು. ಪದೇ ಪದೇ ಕರಗಿಸಿ ಹೆಪ್ಪುಗಟ್ಟಿಸಿದರೆ ಅಳತೆ ಕೆಡುತ್ತದೆ. ಬೆನ್ನುಹುರಿಯ ದ್ರವಕ್ಕಂತೂ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಟ್ಯೂಬೇ ಆಗಬೇಕು, ಏಕೆಂದರೆ ಮರೆಗುಳಿತನದ ಸಂಶೋಧನೆಯಲ್ಲಿ ಅಳೆಯುವ ಅಮಿಲಾಯ್ಡ್ ಬೀಟಾ ಎಂಬ ಪ್ರೋಟೀನ್ ಗಾಜಿಗೂ ಪಾಲಿಸ್ಟೈರೀನ್ ಎಂಬ ಇನ್ನೊಂದು ಪ್ಲಾಸ್ಟಿಕ್ಕಿಗೂ ಅಂಟಿಕೊಂಡು, ಫಲಿತಾಂಶ ಇರುವುದಕ್ಕಿಂತ ಕಡಿಮೆ ತೋರುತ್ತದೆ. (ಇದನ್ನು ನಾನು ಕಲಿತದ್ದು ಒಂದು ಮಾದರಿ ಹಾಳಾದ ಮೇಲೆ.)

ಇನ್ನೊಂದು ಉತ್ತರ: ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ಮರೆಗುಳಿತನವನ್ನು ಅರಿಯಲು ಹಳ್ಳಿಗರನ್ನು ವರ್ಷಗಟ್ಟಲೆ ಗಮನಿಸುವ ಅಧ್ಯಯನವಿದೆ. ಅಂಥ ಕಡೆ ಹಿರಿಯರೊಡನೆ ಕನ್ನಡದಲ್ಲಿ ತಾಳ್ಮೆಯಿಂದ ಮಾತನಾಡುವುದೂ ಕೆಲಸದ ಭಾಗವೇ.

ಪ್ರಶ್ನೆ ಕೇಳಿದವರು: ನಮ್ಮಲ್ಲಿರುವುದು ಮೈನಸ್ 20ರ ಫ್ರೀಜರ್ ಮಾತ್ರ. ಪಾಲು ಮಾಡುವ ಅಭ್ಯಾಸವನ್ನಾದರೂ ಈಗಲೇ ಶುರುಮಾಡುತ್ತೇನೆ.